ಮಿತಾಹಾರ ಮತ್ತು ಜಿಹ್ವಾಸಂಯಮ: ಮುಂಬಯಿ ಮಹಾನಗರದಿಂದ ಕೆಲವು ಪಾಠಗಳು

ಹಸಿವಾದಾಗ ಉಣ್ಣುವುದು ದೇಹಧರ್ಮ. ಹಸಿವಿಲ್ಲದಾಗಲೂ ನಾಲಿಗೆ ಕೇಳಿತೆಂದು ತಿನ್ನುವುದು ಅಭ್ಯಾಸ. ಮೊದಲನೆಯದಕ್ಕೆ ಊಟವೇ ಮದ್ದು. ಎರಡನೆಯದಕ್ಕೆ ಊಟ ಮದ್ದಾಗುವುದಿಲ್ಲ. ತಿಂದಷ್ಟೂ ಅದು ಬೆಳೆಯುತ್ತದೆ. ಇದನ್ನೇ ನಮ್ಮ ಹಿರಿಯರು ಜಿಹ್ವಾಚಾಪಲ್ಯವೆಂದು ಕರೆದರು. ಮನೆಮಾತಿನಲ್ಲಿ ಇದು ಬಾಯಿಚಪಲ.

ಬಾಯಿಚಪಲವನ್ನು ಕೆರಳಿಸುವ ಊರುಗಳಲ್ಲಿ ಮುಂಬಯಿ ಅಗ್ರಗಣ್ಯವಾದುದು. ಪ್ರತಿದಿನ ಲಕ್ಷಾಂತರ ಜನರು ವಿರಾರ್, ಕಲ್ಯಾಣ, ಪನವೇಲ್ ಮುಂತಾದ ದೂರದ ಊರುಗಳಿಂದ ಸ್ಥಳೀಯ ರೈಲುಗಳಲ್ಲಿ ನಗರಕ್ಕೆ ಬಂದು ಮರಳುತ್ತಾರೆ. ಬೆಳಗ್ಗೆ ಬೇಗ ಹೊರಟು ರಾತ್ರಿ ತಡವಾಗಿ ಮನೆ ಸೇರುವ ಈ ಜನರಿಗೆ ನಿಲ್ದಾಣದ ಮೆಟ್ಟಿಲಿಳಿಯುತ್ತಲೇ ಕರಿದ ಎಣ್ಣೆಯ ಪರಿಮಳ ಎದುರಾಗುತ್ತದೆ. ನಗರದ ಗುರುತೇ ಆಗಿರುವ ವಡಾಪಾವ್ 1966ರ ಸುಮಾರಿಗೆ ದಾದರ್ ನಿಲ್ದಾಣದ ಹೊರಗಿನ ಒಂದು ಗಾಡಿಯಲ್ಲಿ ಹುಟ್ಟಿತೆಂದು ಹೇಳಲಾಗುತ್ತದೆ. ದುಡಿಯುವವನ ಹಸಿವನ್ನು ಕಡಿಮೆ ಹಣದಲ್ಲಿ ನೀಗಿಸಿದ ತಿಂಡಿ ಅದು. ಅದನ್ನು ಹಳಿಯಬೇಕಾದ ಕಾರಣವಿಲ್ಲ. ಆದರೆ ಹಸಿವಿಗಾಗಿ ಹುಟ್ಟಿದ ತಿಂಡಿ ಕ್ರಮೇಣ ಅಭ್ಯಾಸಕ್ಕಾಗಿ ತಿನ್ನುವ ತಿಂಡಿಯಾಗುವುದು ಎಲ್ಲರ ಅನುಭವದಲ್ಲಿರುವ ಸಂಗತಿ.

ಇದರ ಪರಿಣಾಮ ಅಲ್ಪವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ ಸುಮಾರು 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಈ ಕಾಯಿಲೆಗೆ ವಂಶಗುಣ, ವಯಸ್ಸು, ಶ್ರಮವಿಲ್ಲದ ಜೀವನ ಮುಂತಾದ ಹಲವು ಕಾರಣಗಳಿವೆ. ಅವುಗಳ ನಡುವೆ ಮನುಷ್ಯನ ಕೈಯಲ್ಲಿರುವ ಮುಖ್ಯ ಕಾರಣ ಆಹಾರ. ಆದ್ದರಿಂದ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಶುದ್ಧ ಸಸ್ಯಾಹಾರವನ್ನು ಅವಲಂಬಿಸಿದ ಮಾತ್ರಕ್ಕೆ ಮನುಷ್ಯನು ಬಾಯಿಚಪಲದಿಂದ ಬಿಡುಗಡೆ ಹೊಂದಬಲ್ಲನೇ? ಈ ಪ್ರಶ್ನೆಗೆ ಉತ್ತರವನ್ನು ಮುಂಬಯಿಯಲ್ಲೇ ಹುಡುಕಬಹುದು. ಏಕೆಂದರೆ ನಾಲಿಗೆಯನ್ನು ಕೆರಳಿಸುವ ಈ ನಗರವೇ ನಾಲಿಗೆಯನ್ನು ಪಳಗಿಸುವ ಹಲವು ಪದ್ಧತಿಗಳಿಗೂ ನೆಲೆಯಾಗಿದೆ.

ಶುದ್ಧವೆಂಬ ಮಾತಿನ ಅರ್ಥ

ಮುಂಬಯಿಯ ಬೀದಿಗಳಲ್ಲಿ 'ಶುದ್ಧ ಶಾಕಾಹಾರಿ' ಎಂಬ ಫಲಕಗಳು ಹೆಜ್ಜೆ ಹೆಜ್ಜೆಗೂ ಕಾಣಸಿಗುತ್ತವೆ. ಅಂಗಡಿಯಲ್ಲಿ ಮಾರುವ ಆಹಾರದ ಪೊಟ್ಟಣಗಳ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆಯನ್ನು ಮುದ್ರಿಸಬೇಕೆಂಬ ನಿಯಮವೂ ನಮ್ಮ ದೇಶದಲ್ಲಿದೆ. ಕೊಳ್ಳುವವರಿಗೆ ಇದರಿಂದ ಉಪಯೋಗವುಂಟು. ಆದರೆ ಹಸಿರು ಚುಕ್ಕೆಯು ಪೊಟ್ಟಣದಲ್ಲಿ ಮಾಂಸ, ಮೀನು, ಮೊಟ್ಟೆಗಳಿಲ್ಲ ಎಂಬುದನ್ನು ಮಾತ್ರ ತಿಳಿಸುತ್ತದೆ. ಅದರಲ್ಲಿ ಸಕ್ಕರೆ ಎಷ್ಟು, ಉಪ್ಪು ಎಷ್ಟು, ಎಣ್ಣೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಜಿಲೇಬಿ, ಫರಸಾಣ, ಆಲೂಗೆಡ್ಡೆ ಚಿಪ್ಸ್, ತಂಪು ಪಾನೀಯ ಇವೆಲ್ಲವೂ ಸಸ್ಯಾಹಾರವೇ. ಬಾಯಿಚಪಲಕ್ಕೆ ಇವುಗಳಿಗಿಂತ ಹತ್ತಿರದ ಗೆಳೆಯರು ಬೇರಿಲ್ಲ.

ನಮ್ಮ ಪರಂಪರೆಯಲ್ಲಿ ಆಹಾರದ ಶುದ್ಧಿಯನ್ನು ಕೇವಲ ಪದಾರ್ಥದ ಮೇಲೆ ನಿರ್ಣಯಿಸಿರಲಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಆಹಾರವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಅತಿಯಾದ ಉಪ್ಪು, ಅತಿಯಾದ ಹುಳಿ, ಅತಿಯಾದ ಖಾರ ರಾಜಸಕ್ಕೆ ಸೇರಿದರೆ, ಹಳಸಿದ್ದು ತಾಮಸಕ್ಕೆ ಸೇರುತ್ತದೆ. ಇಲ್ಲಿ ಗಮನಿಸಬೇಕಾದುದು 'ಅತಿ' ಎಂಬ ಮಾತನ್ನು. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವು ದಕ್ಕದೆಂಬ ಮಾತು ಬರುತ್ತದೆ. ಎರಡನೆಯ ಅಧ್ಯಾಯವು ಇನ್ನೂ ಸೂಕ್ಷ್ಮವಾದ ವಿಷಯವನ್ನು ಸೂಚಿಸುತ್ತದೆ: ಉಪವಾಸವಿರುವವನಿಂದ ಪದಾರ್ಥಗಳು ದೂರವಾಗುತ್ತವೆ, ಆದರೆ ಅವುಗಳ ರುಚಿಯ ನೆನಪು ಅಷ್ಟು ಸುಲಭವಾಗಿ ದೂರವಾಗುವುದಿಲ್ಲ.

ಈ ಸೂಕ್ಷ್ಮವನ್ನು ಮರಾಠಿಯ ಗಾದೆಯೊಂದು ನಗೆಯ ದಾಟಿಯಲ್ಲಿ ಹೇಳುತ್ತದೆ: 'ಏಕಾದಶಿ, ದುಪ್ಪಟ್ ಖಾಶಿ'. ಏಕಾದಶಿ ಬಂದರೆ ಎರಡು ಪಟ್ಟು ತಿನ್ನುವೆ ಎಂದು ಇದರ ಅರ್ಥ. ಅನ್ನ ಚಪಾತಿಗಳನ್ನು ಬಿಟ್ಟು, ಸಾಬೂದಾಣಾ ಖಿಚಡಿ, ಸಾಬೂದಾಣಾ ವಡೆ, ಕರಿದ ಆಲೂಗೆಡ್ಡೆ, ಶೇಂಗಾ ಚಿಕ್ಕಿಗಳನ್ನು ಹೊಟ್ಟೆ ಬಿರಿಯ ತಿನ್ನುವ ಉಪವಾಸವು ಪದಾರ್ಥದಲ್ಲಿ ಶುದ್ಧವಾಗಿದ್ದರೂ ಉದ್ದೇಶದಲ್ಲಿ ಶುದ್ಧವಾಗಿರುವುದಿಲ್ಲ.

ಹಸಿವು ಬೇರೆ, ಚಪಲ ಬೇರೆ

ಇಂದಿನ ಶರೀರವಿಜ್ಞಾನವು ಈ ಎರಡರ ವ್ಯತ್ಯಾಸವನ್ನು ಸಾಕಷ್ಟು ಸ್ಪಷ್ಟಪಡಿಸಿದೆ. ಹೊಟ್ಟೆ ಬರಿದಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಬಂದು ಮೆದುಳಿಗೆ ಹಸಿವಿನ ಸುದ್ದಿಯನ್ನು ಮುಟ್ಟಿಸುತ್ತದೆ. ಉಂಡ ಮೇಲೆ ಹೊಟ್ಟೆ ಹಿಗ್ಗಿದ ಸೂಚನೆಯೂ ಕರುಳಿನಿಂದ ಹೊರಡುವ ಬೇರೆ ಹಾರ್ಮೋನುಗಳೂ ಸಾಕೆಂಬ ಸಂದೇಶವನ್ನು ಕಳುಹಿಸುತ್ತವೆ. ಈ ಎರಡನೆಯ ಸಂದೇಶ ಮೆದುಳನ್ನು ತಲುಪಿ ತೃಪ್ತಿಯಾಗಿ ತೋರಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಐದು ನಿಮಿಷದಲ್ಲಿ ಊಟ ಮುಗಿಸುವವನು ತೃಪ್ತಿಯ ಸುದ್ದಿ ಬರುವ ಮೊದಲೇ ಬೇಕಾದುದಕ್ಕಿಂತ ಹೆಚ್ಚು ತಿಂದಿರುತ್ತಾನೆ.

ಚಪಲದ ದಾರಿ ಬೇರೆ. ಅದು ಹೊಟ್ಟೆಯಿಂದ ಏಳುವುದಿಲ್ಲ. ಕಣ್ಣು, ಮೂಗು, ನೆನಪು ಮತ್ತು ಬೇಸರಗಳಿಂದ ಏಳುತ್ತದೆ. ಹಿಂದೆ ಸಿಕ್ಕ ಸುಖದ ನೆನಪಿನಿಂದ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವು ತಿನ್ನುವ ಮೊದಲೇ ನಿರೀಕ್ಷೆಯನ್ನು ಹುಟ್ಟಿಸುತ್ತದೆ. ಹೀಗಾಗಿ ಅದೇ ಹೊತ್ತು, ಅದೇ ತಿರುವು, ಅದೇ ಪರಿಮಳ ಎದುರಾದಾಗ ಕಾಲು ತಾನಾಗಿಯೇ ಅಂಗಡಿಯ ಕಡೆ ಹೊರಳುತ್ತದೆ. ಹಸಿವು ನಿಧಾನವಾಗಿ ಏರುತ್ತದೆ, ಯಾವ ಊಟ ಸಿಕ್ಕರೂ ತಣಿಯುತ್ತದೆ. ಚಪಲ ಥಟ್ಟನೆ ಏಳುತ್ತದೆ, ಇಂಥದೇ ಬೇಕೆನ್ನುತ್ತದೆ. ಆದರೆ ಅದಕ್ಕೊಂದು ದುರ್ಬಲತೆಯೂ ಇದೆ: ಕೊಂಚ ಹೊತ್ತು ಮಣಿಯದೆ ಇದ್ದರೆ ಅಲೆಯಂತೆ ಏರಿ ತಾನಾಗಿ ಇಳಿಯುತ್ತದೆ. ನಿದ್ದೆ ಕೆಟ್ಟವರಲ್ಲಿ ಹಸಿವಿನ ಹಾರ್ಮೋನು ಹೆಚ್ಚಿ, ಸಿಹಿ ಮತ್ತು ಕರಿದ ತಿಂಡಿಗಳ ಬಯಕೆ ಬಲಗೊಳ್ಳುತ್ತದೆಂದು ಅಧ್ಯಯನಗಳು ತೋರಿಸಿವೆ. ನಸುಕಿನ ರೈಲು ಹಿಡಿಯುವ ಉಪನಗರವಾಸಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಎಂದ ಮೇಲೆ ಚಪಲವನ್ನು ಗೆಲ್ಲಲು ಪದಾರ್ಥದ ಆಯ್ಕೆಯೊಂದೇ ಸಾಲದು. ಅಳತೆ, ಅವಧಿ, ಉದ್ದೇಶ ಮತ್ತು ಗಮನ ಈ ನಾಲ್ಕೂ ಅದಕ್ಕೆ ಸೇರಬೇಕು. ಇವುಗಳಲ್ಲಿ ಒಂದೊಂದನ್ನೂ ಕಲಿಸುವ ಪದ್ಧತಿಗಳು ಮುಂಬಯಿಯಲ್ಲಿ ಇಂದಿಗೂ ಬಳಕೆಯಲ್ಲಿವೆ ಅಥವಾ ಸ್ಮರಣೆಯಲ್ಲಿವೆ.

ಅಳತೆ: ಮಾಟುಂಗಾದ ಬಾಳೆಯೆಲೆ

ಮುಂಬಯಿಗೆ ಸಸ್ಯಾಹಾರದ ಹೋಟೆಲುಗಳನ್ನು ಕೊಟ್ಟವರಲ್ಲಿ ಕನ್ನಡ ಕರಾವಳಿಯ ಜನರು ಪ್ರಮುಖರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉಡುಪಿ ಮತ್ತು ಅದರ ಸುತ್ತಲಿನ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಬಂದ ಹುಡುಗರು ಪಾತ್ರೆ ತೊಳೆದು, ಎಲೆ ಎತ್ತಿ, ರಾತ್ರಿಶಾಲೆಗಳಲ್ಲಿ ಕನ್ನಡದಲ್ಲೇ ಓದಿ, ಮುಂದೆ ತಾವೇ ಹೋಟೆಲುಗಳನ್ನು ತೆರೆದರು. ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅವುಗಳಲ್ಲಿ ಹೆಸರುವಾಸಿಯಾದುದು. ಮಹಾಯುದ್ಧದ ಕಾಲ ಅದು. ಮರುವರ್ಷವೇ ನಗರದಲ್ಲಿ ಆಹಾರಧಾನ್ಯಗಳ ಪಡಿತರ ಪದ್ಧತಿ ಜಾರಿಗೆ ಬಂದಿತು. ಮನೆಯಿಂದ ದೂರವಿದ್ದ ಗುಮಾಸ್ತರು, ವಿದ್ಯಾರ್ಥಿಗಳು, ಕಾರ್ಮಿಕರು ಇಂಥ ಊಟದ ಮನೆಗಳಲ್ಲಿ ಹೊತ್ತು ಹೊತ್ತಿಗೆ ಅನ್ನ ಸಾರುಗಳನ್ನು ಕಂಡರು.

ಬಾಳೆಯೆಲೆಯ ಊಟಕ್ಕೆ ತನ್ನದೇ ಕ್ರಮವಿದೆ. ಉಪ್ಪು ಮತ್ತು ಉಪ್ಪಿನಕಾಯಿ ಎಲೆಯ ಮೂಲೆಯಲ್ಲಿ ಚಿಟಿಕೆಯಷ್ಟು, ಕೋಸಂಬರಿ ಒಂದು ಹಿಡಿ, ಪಲ್ಯ ಸ್ವಲ್ಪ, ನಡುವೆ ಅನ್ನ. ಸಾರು, ಹುಳಿ, ಕೊನೆಯಲ್ಲಿ ಮಜ್ಜಿಗೆ. ಖಾರವೂ ಉಪ್ಪೂ ತುದಿಯಲ್ಲಿರುತ್ತವೆ, ಧಾನ್ಯ ಬೇಳೆ ತರಕಾರಿಗಳು ನಡುವೆ ಇರುತ್ತವೆ. ನಾಲಿಗೆ ಕೇಳುವ ಪದಾರ್ಥಗಳಿಗೆ ಎಲೆಯ ಮೇಲೆ ಕಡಿಮೆ ಜಾಗ, ದೇಹ ಕೇಳುವ ಪದಾರ್ಥಗಳಿಗೆ ಹೆಚ್ಚು ಜಾಗ. ಮಜ್ಜಿಗೆ ಅನ್ನವಾದ ಮೇಲೆ ಊಟ ಮುಗಿಯಿತೆಂಬುದು ಎಲ್ಲರಿಗೂ ತಿಳಿದ ಮಾತು. ಊಟಕ್ಕೊಂದು ಕೊನೆ ಇರುವುದೇ ಒಂದು ಸಂಯಮ. ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುವವನ ಊಟಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ.

ಈ ಅಳತೆಯ ಹಿಂದೆ ಉಡುಪಿಯ ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯ ವ್ರತದ ಶಿಕ್ಷಣವೂ ಇದೆ. ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳಲ್ಲಿ ಆಚರಣೆಯುಳ್ಳವರು ಮೊದಲ ತಿಂಗಳು ತರಕಾರಿ ಹಣ್ಣುಗಳನ್ನೂ, ಎರಡನೆಯ ತಿಂಗಳು ಮೊಸರನ್ನೂ, ಮೂರನೆಯ ತಿಂಗಳು ಹಾಲನ್ನೂ, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯಗಳನ್ನೂ ಬಿಡುತ್ತಾರೆ. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳೆಂದು ಇವುಗಳ ಹೆಸರು. ಎಲ್ಲವನ್ನೂ ಒಮ್ಮೆಗೇ ಬಿಡುವುದಿಲ್ಲ. ಒಂದನ್ನು ಬಿಟ್ಟಾಗ ಉಳಿದವು ದೇಹಕ್ಕೆ ಬೇಕಾದುದನ್ನು ಪೂರೈಸುತ್ತವೆ. ಪ್ರಿಯವಾದುದು ಒಂದು ತಿಂಗಳು ಇಲ್ಲದಿದ್ದರೂ ಬದುಕು ನಿಲ್ಲುವುದಿಲ್ಲವೆಂಬ ಅರಿವನ್ನು ಈ ವ್ರತವು ಸದ್ದಿಲ್ಲದೆ ಕಲಿಸುತ್ತದೆ.

ಅವಧಿ: ಆಯಂಬಿಲದ ಒಂದು ಊಟ

ವಾಲ್ಕೇಶ್ವರ, ಘಾಟ್ಕೋಪರ್, ಮುಲುಂಡ್, ಬೋರಿವಲಿ ಮುಂತಾಗಿ ಜೈನರು ಹೆಚ್ಚಾಗಿ ನೆಲೆಸಿರುವ ಬಡಾವಣೆಗಳಲ್ಲಿ ಆಯಂಬಿಲವೆಂಬ ಆಚರಣೆ ಪ್ರಚಲಿತವಾಗಿದೆ. ಜೈನಧರ್ಮವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ನಾಲ್ಕು ಆಹಾರಕ್ಕೆ ಸಂಬಂಧಿಸಿವೆ: ಉಪವಾಸ, ಹಸಿವಿಗಿಂತ ಕಡಿಮೆ ಉಣ್ಣುವುದು, ಪದಾರ್ಥಗಳ ಸಂಖ್ಯೆಗೆ ಮಿತಿ ಹಾಕಿಕೊಳ್ಳುವುದು ಮತ್ತು ರಸಪರಿತ್ಯಾಗ. ಶ್ವೇತಾಂಬರ ಜೈನರ ಆಯಂಬಿಲವು ರಸಪರಿತ್ಯಾಗದ ಪ್ರತ್ಯಕ್ಷ ರೂಪ. ಕನ್ನಡನಾಡಿನ ದಿಗಂಬರ ಜೈನರಿಗೂ ರಸಪರಿತ್ಯಾಗದ ಕಲ್ಪನೆ ಹೊಸದಲ್ಲ.

ಆಯಂಬಿಲದ ದಿನ ಒಂದೇ ಸಲ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಬೇಯಿಸಿದ ಧಾನ್ಯ ಮತ್ತು ಬೇಳೆಗಳು ಮಾತ್ರ ಎಲೆಗೆ ಬರುತ್ತವೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಬೆಲ್ಲ, ಹಸಿರು ತರಕಾರಿ, ಹಣ್ಣು ಇವು ಯಾವುವೂ ಇರುವುದಿಲ್ಲ. ಒಗ್ಗರಣೆಯ ಮಾತಂತೂ ದೂರ. ಕುದಿಸಿದ ನೀರನ್ನು ಮಾತ್ರ, ಸೂರ್ಯಾಸ್ತದೊಳಗೆ, ಕುಡಿಯುತ್ತಾರೆ. ಚೈತ್ರ ಮತ್ತು ಆಶ್ವಯುಜ ಮಾಸಗಳಲ್ಲಿ ಹುಣ್ಣಿಮೆಗೆ ಮುಗಿಯುವಂತೆ ಒಂಬತ್ತು ದಿನ ಇದನ್ನು ಒಟ್ಟಾಗಿ ಆಚರಿಸುವುದುಂಟು. ಅನೇಕ ಕಡೆಗಳಲ್ಲಿ ಮಂದಿರಕ್ಕೆ ಹೊಂದಿಕೊಂಡ ಆಯಂಬಿಲ ಶಾಲೆಗಳಲ್ಲಿ ಅಡಿಗೆ ಮಾಡಿ ಬಡಿಸುವ ವ್ಯವಸ್ಥೆಯಿರುತ್ತದೆ. ಕಚೇರಿಗೆ ಹೋಗುವವರೂ ವ್ಯಾಪಾರಿಗಳೂ ಅಲ್ಲಿ ಉಂಡು ತಮ್ಮ ಕೆಲಸಕ್ಕೆ ಮರಳುತ್ತಾರೆ.

ಈ ಆಚರಣೆಯ ಧಾರ್ಮಿಕ ಮಹತ್ವವನ್ನು ಆ ಧರ್ಮದವರು ಅರಿತಿರುತ್ತಾರೆ. ಎಲ್ಲರೂ ಗಮನಿಸಬಹುದಾದ ಅಂಶ ಬೇರೊಂದಿದೆ. ಇಲ್ಲಿ ಊಟವನ್ನು ಬಿಡುವುದಿಲ್ಲ, ರುಚಿಯನ್ನು ಬಿಡುತ್ತಾರೆ. ಹಸಿವು ತಣಿಯುತ್ತದೆ, ಚಪಲ ತಣಿಯುವುದಿಲ್ಲ. ಎರಡನ್ನೂ ಹೀಗೆ ಬೇರ್ಪಡಿಸಿದಾಗ ಯಾವುದು ಹಸಿವು, ಯಾವುದು ಚಪಲ ಎಂಬುದು ಉಣ್ಣುವವನಿಗೇ ತಿಳಿಯುತ್ತದೆ. ಮತ್ತೊಂದು ವಿಶೇಷವೆಂದರೆ ಇದಕ್ಕೆ ನಿಶ್ಚಿತ ಅವಧಿಯಿದೆ. ಒಂದು ದಿನ ಅಥವಾ ಒಂಬತ್ತು ದಿನಗಳ ನಿಯಮವನ್ನು ಸಾಮಾನ್ಯ ಮನುಷ್ಯನೂ ಪಾಲಿಸಬಲ್ಲ. ಜನ್ಮಪೂರ್ತಿ ಸಿಹಿ ಮುಟ್ಟುವುದಿಲ್ಲವೆಂದು ಆವೇಶದಲ್ಲಿ ಶಪಥ ಮಾಡಿದವನು ಬಹುಬೇಗ ಸೋಲುತ್ತಾನೆ. ಸೋತ ಮೇಲೆ ಮೊದಲಿಗಿಂತ ಹೆಚ್ಚು ತಿನ್ನುತ್ತಾನೆ.

ಉದ್ದೇಶ: ಗಾಂಧೀಜಿಯವರ ಅಸ್ವಾದ ವ್ರತ

ಮುಂಬಯಿಯ ಗಾಮದೇವಿಯಲ್ಲಿರುವ ಮಣಿಭವನವು 1917ರಿಂದ 1934ರವರೆಗೆ ಮಹಾತ್ಮಾ ಗಾಂಧಿಯವರು ನಗರಕ್ಕೆ ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದ ಮನೆ. ಈಗ ಅದು ಸ್ಮಾರಕ ಸಂಗ್ರಹಾಲಯ. ಆಹಾರದ ವಿಷಯದಲ್ಲಿ ಗಾಂಧೀಜಿಯವರಷ್ಟು ದೀರ್ಘಕಾಲ ಪ್ರಯೋಗ ನಡೆಸಿ, ಸೋಲುಗಳನ್ನೂ ಮುಚ್ಚಿಡದೆ ಬರೆದವರು ವಿರಳ. ಉಪವಾಸ ಮತ್ತು ಅಲ್ಪಾಹಾರಗಳಿಂದ ತಮ್ಮ ಹಸಿವು ಇನ್ನಷ್ಟು ತೀಕ್ಷ್ಣವಾಗಿ ಊಟದ ರುಚಿ ಹೆಚ್ಚಿತೆಂಬುದನ್ನು ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮನಸ್ಸು ಜೊತೆಗೂಡದಿದ್ದರೆ ಉಪವಾಸವೂ ಭೋಗಕ್ಕೆ ಸಾಧನವಾಗಬಹುದೆಂಬುದು ಅವರ ನಿರ್ಣಯ.

1930ರಲ್ಲಿ ಯೆರವಡಾ ಸೆರೆಮನೆಯಿಂದ ಸಾಬರಮತಿ ಆಶ್ರಮವಾಸಿಗಳಿಗೆ ವಾರಕ್ಕೊಂದರಂತೆ ಬರೆದ ಪತ್ರಗಳಲ್ಲಿ ಅವರು ಅಸ್ವಾದ ವ್ರತವನ್ನು ವಿವರಿಸಿದರು. ಔಷಧಿಯನ್ನು ರುಚಿಗಾಗಿ ಕುಡಿಯುವುದಿಲ್ಲ, ಹೇಳಿದ ಪ್ರಮಾಣಕ್ಕಿಂತ ಹೆಚ್ಚಾಗಿಯೂ ಕುಡಿಯುವುದಿಲ್ಲ. ಆಹಾರವನ್ನೂ ಹಾಗೆಯೇ ದೇಹವನ್ನು ಸೇವೆಗೆ ಸಿದ್ಧವಾಗಿಡುವಷ್ಟು ಮಾತ್ರ ಸ್ವೀಕರಿಸಬೇಕೆಂಬುದು ಅವರ ವಿವರಣೆಯ ತಿರುಳು.

ಇದೇ ಗಾಂಧೀಜಿಯವರ ಜೀವನದಲ್ಲಿ ಮುಂಬಯಿಯಲ್ಲಿ ನಡೆದ ಒಂದು ಘಟನೆ ವ್ರತದ ಎಲ್ಲೆಯನ್ನು ತೋರಿಸುತ್ತದೆ. ಗೋವುಗಳಿಂದ ಹಾಲನ್ನು ಹಿಂಡುವ ಕ್ರೂರ ವಿಧಾನಗಳ ಸುದ್ದಿಯನ್ನು ಓದಿ ಅವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ಹಾಲನ್ನು ಬಿಟ್ಟಿದ್ದರು. 1918ರಲ್ಲಿ ತೀವ್ರ ಆಮಶಂಕೆಗೆ ತುತ್ತಾಗಿ ಬಹಳ ನಿಶ್ಶಕ್ತರಾದರು. ಮುಂಬಯಿಯಲ್ಲಿ ಅವರನ್ನು ಪರೀಕ್ಷಿಸಿದ ಡಾಕ್ಟರ್ ದಲಾಲ್ ಅವರು ಹಾಲು ಸೇವಿಸದೆ ದೇಹ ಚೇತರಿಸಿಕೊಳ್ಳದೆಂದು ಸ್ಪಷ್ಟವಾಗಿ ಹೇಳಿದರು. ಗಾಂಧೀಜಿ ವ್ರತದ ಮಾತನ್ನೆತ್ತಿದರು. ಹಾಸಿಗೆಯ ಬಳಿ ನಿಂತು ಕೇಳುತ್ತಿದ್ದ ಕಸ್ತೂರಬಾ ಅವರು, ವ್ರತವಿರುವುದು ಹಸು ಎಮ್ಮೆಗಳ ಹಾಲಿನ ಬಗೆಗಾದ್ದರಿಂದ ಆಡಿನ ಹಾಲಿಗೆ ಅಡ್ಡಿಯಿಲ್ಲವೆಂದರು. ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರವುಳಿದು ಅದರ ಆತ್ಮ ಹೋಯಿತೆಂಬ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಚೇತರಿಸಿಕೊಂಡ ಆ ದೇಹದಿಂದಲೇ ಅವರು 1919ರ ಸತ್ಯಾಗ್ರಹವನ್ನು ಮುನ್ನಡೆಸಿದರು. ಆಹಾರದ ನಿಯಮವಿರುವುದು ಬದುಕಿನ ಉದ್ದೇಶಕ್ಕಾಗಿ. ಬದುಕು ಇರುವುದು ಆಹಾರದ ನಿಯಮಕ್ಕಾಗಿ ಅಲ್ಲ.

1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಮಾತನಾಡುತ್ತ ಅವರು, ಸದಾ ಊಟ ಮತ್ತು ರೋಗಗಳ ಬಗೆಗೇ ಚಿಂತಿಸುವ ಸಸ್ಯಾಹಾರಿಗಳನ್ನು ಎಚ್ಚರಿಸಿದರು. ಕೇವಲ ಆರೋಗ್ಯದ ಲಾಭಕ್ಕಾಗಿ ಸಸ್ಯಾಹಾರಕ್ಕೆ ಬಂದವರು ಬಹುಪಾಲು ಅದರಲ್ಲಿ ನಿಲ್ಲುವುದಿಲ್ಲ, ಅದಕ್ಕೆ ನೈತಿಕವಾದ ಆಧಾರ ಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

ಗಮನ: ಗೊರಾಯಿಯ ಮೌನ ಪಂಕ್ತಿ

ಮುಂಬಯಿಯ ವಾಯವ್ಯಕ್ಕೆ, ಗೊರಾಯಿ ಖಾರಿಯ ಆಚೆ ದಡದಲ್ಲಿ 2009ರಲ್ಲಿ ಉದ್ಘಾಟನೆಗೊಂಡ ವಿಶ್ವ ವಿಪಶ್ಯನಾ ಪಗೋಡ ದೂರದಿಂದಲೇ ಕಾಣುತ್ತದೆ. ಮ್ಯಾನ್ಮಾರ್ ದೇಶದ ಮಾಂಡಲೆಯಲ್ಲಿ ಭಾರತೀಯ ಮನೆತನವೊಂದರಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರು ಭಾರತದಲ್ಲಿ ತಮ್ಮ ಮೊದಲ ವಿಪಶ್ಯನಾ ಶಿಬಿರವನ್ನು 1969ರ ಜುಲೈಯಲ್ಲಿ ಮುಂಬಯಿಯಲ್ಲೇ ನಡೆಸಿದ್ದರು. ಪಗೋಡದ ಪಕ್ಕದ ಕೇಂದ್ರದಲ್ಲಿ ಹತ್ತು ದಿನಗಳ ಶಿಬಿರಗಳು ನಡೆಯುತ್ತವೆ. ಅಲ್ಲಿ ಸರಳ ಸಸ್ಯಾಹಾರವನ್ನು ಬಡಿಸುತ್ತಾರೆ. ಬೆಳಗಿನ ಉಪಾಹಾರ, ಹನ್ನೊಂದು ಗಂಟೆಗೆ ಊಟ, ಹೊಸಬರಿಗೆ ಸಂಜೆ ಚಹಾ ಮತ್ತು ಹಣ್ಣು. ರಾತ್ರಿ ಊಟವಿಲ್ಲ. ಎಲ್ಲರೂ ಮೌನವಾಗಿ ಉಣ್ಣುತ್ತಾರೆ.

ಬುದ್ಧನ ಬೋಧೆಯಲ್ಲಿ ದುಃಖಕ್ಕೆ ಕಾರಣ ತೃಷ್ಣೆ. ತೃಷ್ಣೆಗೆ ಹಿಂದಿನ ಕೊಂಡಿ ವೇದನೆ, ಎಂದರೆ ದೇಹದಲ್ಲಿ ತೋರುವ ಹಿತ ಅಥವಾ ಅಹಿತದ ಸಂವೇದನೆ. ಸಂವೇದನೆ ಎದ್ದಾಗ ಅದರ ಹಿಂದೆ ಓಡದೆ, ಅದನ್ನು ತಳ್ಳಿಹಾಕದೆ, ಏಳುವುದನ್ನೂ ಅಳಿಯುವುದನ್ನೂ ನೋಡುತ್ತಿದ್ದರೆ ತೃಷ್ಣೆಯ ಕೊಂಡಿ ಸಡಿಲವಾಗುತ್ತದೆಂಬುದು ಈ ಸಾಧನೆಯ ಹಿನ್ನೆಲೆ. ಚಪಲವು ಅಲೆಯಂತೆ ಏರಿ ಇಳಿಯುತ್ತದೆಂಬ ಇಂದಿನ ಮನೋವಿಜ್ಞಾನದ ಮಾತು ಇದಕ್ಕೆ ಹತ್ತಿರವಾದುದು.

ಬೌದ್ಧ ಮೂಲದ ಈ ಅಭ್ಯಾಸವು ಪಾಶ್ಚಾತ್ಯ ವೈದ್ಯಶಾಸ್ತ್ರವನ್ನೂ ಪ್ರವೇಶಿಸಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಝಿನ್ ಅವರು 1979ರಲ್ಲಿ ಆರಂಭಿಸಿದ ಅಭ್ಯಾಸಕ್ರಮದಲ್ಲಿ ರೋಗಿಗಳಿಗೆ ಒಂದು ಒಣದ್ರಾಕ್ಷಿಯನ್ನು ಕೊಡಲಾಗುತ್ತದೆ. ಅದನ್ನು ನೋಡಿ, ಮುಟ್ಟಿ, ಮೂಸಿ, ನಾಲಿಗೆಯ ಮೇಲಿಟ್ಟು, ನಿಧಾನವಾಗಿ ಅಗಿದು ನುಂಗಬೇಕು. ಗಮನವಿಟ್ಟು ತಿಂದ ಒಂದು ದ್ರಾಕ್ಷಿ, ಗಮನವಿಲ್ಲದೆ ತಿಂದ ಒಂದು ಹಿಡಿಗಿಂತ ಹೆಚ್ಚು ತೃಪ್ತಿ ಕೊಡುವುದನ್ನು ಅನೇಕರು ಮೊದಲ ಬಾರಿಗೆ ಅಲ್ಲಿ ಕಂಡುಕೊಳ್ಳುತ್ತಾರೆ.

ನಿತ್ಯಜೀವನದಲ್ಲಿ ಆಚರಣೆ

ವ್ರತ, ಶಿಬಿರಗಳಿಗೆ ಹೋಗದ ಗೃಹಸ್ಥರೂ ಈ ನಾಲ್ಕು ಪಾಠಗಳನ್ನು ಮನೆಯಲ್ಲೇ ಬಳಸಬಹುದು.

ಮೊದಲನೆಯದಾಗಿ, ಮನೆಯ ಡಬ್ಬಿ. 1890ರ ಸುಮಾರಿಗೆ ಆರಂಭವಾದ ಮುಂಬಯಿಯ ಡಬ್ಬಾವಾಲರ ಸೇವೆ ಕೋವಿಡ್ ಕಾಲದ ಪೆಟ್ಟಿನಿಂದ ಕುಗ್ಗಿದ್ದರೂ ಇಂದಿಗೂ ನಡೆದಿದೆ. ಮನೆಯ ಊಟವು ಹೊತ್ತಿಗೆ ಸರಿಯಾಗಿ ಕೈಸೇರುವವನಿಗೆ ಬೀದಿಯ ಆಕರ್ಷಣೆ ಅರ್ಧ ಕಡಿಮೆಯಾಗುತ್ತದೆ. ಸಂಜೆಯ ರೈಲಿಗೆ ಮೊದಲು ಒಂದು ಬಾಳೆಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ ತಿಂದವನು ನಿಲ್ದಾಣದ ಗಾಡಿಯನ್ನು ಸುಲಭವಾಗಿ ದಾಟುತ್ತಾನೆ.

ಎರಡನೆಯದಾಗಿ, ತಟ್ಟೆಯ ಸಮತೋಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು ಬೇಕು. ಅನೇಕ ಸಸ್ಯಾಹಾರಿಗಳ ತಟ್ಟೆಯಲ್ಲಿ ಅನ್ನ ಚಪಾತಿಗಳು ಹೆಚ್ಚು, ಬೇಳೆ ತರಕಾರಿಗಳು ಕಡಿಮೆ. ಪ್ರೋಟೀನು ಮತ್ತು ನಾರು ಸಾಲದ ಊಟವು ಬೇಗ ಕರಗಿ, ಎರಡೇ ಗಂಟೆಯಲ್ಲಿ ಮತ್ತೆ ಬಾಯಾಡಿಸುವ ಆಸೆಯನ್ನು ಹುಟ್ಟಿಸುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾಚಮಚ, ಮೀರದಿರುವುದು ಒಳ್ಳೆಯದು. ಉಪ್ಪು ಸಿಹಿಗಳನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಅದಕ್ಕೆ ಹೊಂದಿಕೊಳ್ಳುತ್ತದೆ.

ಮೂರನೆಯದಾಗಿ, ಉಣ್ಣುವ ರೀತಿ. ಹೊಟ್ಟೆಯ ಅರ್ಧವನ್ನು ಅನ್ನದಿಂದ, ಕಾಲುಭಾಗವನ್ನು ನೀರಿನಿಂದ ತುಂಬಿ, ಉಳಿದ ಕಾಲುಭಾಗವನ್ನು ಖಾಲಿ ಬಿಡುವುದು ಯೋಗಶಾಸ್ತ್ರದ ಮಿತಾಹಾರ. ದೂರದರ್ಶನ ಮತ್ತು ಮೊಬೈಲುಗಳನ್ನು ಬದಿಗಿಟ್ಟು, ಕುಳಿತು, ಕನಿಷ್ಠ ಇಪ್ಪತ್ತು ನಿಮಿಷ ಉಣ್ಣಬೇಕು. ಮೊದಲ ನಾಲ್ಕು ತುತ್ತುಗಳನ್ನಾದರೂ ಮಾತಿಲ್ಲದೆ ಉಣ್ಣುವುದು ಒಳ್ಳೆಯ ಆರಂಭ.

ನಾಲ್ಕನೆಯದಾಗಿ, ಚಪಲ ಎದ್ದಾಗ ಹತ್ತು ನಿಮಿಷ ತಡೆಯುವುದು. ಒಂದು ಲೋಟ ನೀರು ಕುಡಿದು, ಅನ್ನ ಸಾರು ಸಿಕ್ಕರೆ ಈಗ ಉಣ್ಣುವೆನೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಉಣ್ಣುವೆನೆಂದರೆ ಅದು ಹಸಿವು, ಉಣ್ಣಬೇಕು. ಅನ್ನ ಸಾರು ಬೇಡ, ಜಿಲೇಬಿಯೇ ಬೇಕೆಂದರೆ ಅದು ಚಪಲ, ಕಾಯಬೇಕು. ವಾರದಲ್ಲಿ ಒಂದು ಹೊತ್ತು ಒಗ್ಗರಣೆಯಿಲ್ಲದ, ಸಿಹಿಯಿಲ್ಲದ ಸರಳ ಊಟವನ್ನು ಮಾಡಿ ನೋಡುವುದೂ ಉಪಯುಕ್ತ.

ಕೆಲವು ಎಚ್ಚರಿಕೆಗಳು

ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಅದು ಧಾನ್ಯ ತರಕಾರಿಗಳಲ್ಲಿ ಇರುವುದಿಲ್ಲ. ಹಾಲು ಮೊಸರುಗಳಿಂದ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಅವುಗಳನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳಬೇಕು. ಸೊಪ್ಪು ಬೇಳೆಗಳ ಕಬ್ಬಿಣಾಂಶವು ದೇಹಕ್ಕೆ ಸೇರಲು ನಿಂಬೆರಸ ನೆರವಾಗುತ್ತದೆ, ಊಟದ ಜೊತೆಗಿನ ಚಹಾ ತಡೆಯೊಡ್ಡುತ್ತದೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು, ಮಕ್ಕಳು ಮತ್ತು ವೃದ್ಧರು ವೈದ್ಯರನ್ನು ಕೇಳದೆ ಉಪವಾಸವನ್ನಾಗಲಿ ಕಠಿಣ ಪಥ್ಯವನ್ನಾಗಲಿ ಕೈಗೊಳ್ಳಬಾರದು. ಊಟದ ಯೋಚನೆಯೇ ದಿನವಿಡೀ ಕಾಡುವಂತಾದರೆ, ತಿಂದುದಕ್ಕಾಗಿ ತನ್ನನ್ನೇ ಶಿಕ್ಷಿಸಿಕೊಳ್ಳುವ ಮನಸ್ಸಾದರೆ, ಅದು ಸಂಯಮವಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆಯುಂಟು.

ಇನ್ನೊಂದು ಎಚ್ಚರಿಕೆ ಸಮಾಜಕ್ಕೆ ಸಂಬಂಧಿಸಿದುದು. ಮುಂಬಯಿಯ ಮೂಲನಿವಾಸಿಗಳಾದ ಕೋಳಿ ಜನಾಂಗದವರಿಗೆ ಮೀನುಗಾರಿಕೆಯೇ ಬದುಕು, ಮೀನೇ ಆಹಾರ. ಕನ್ನಡ ಕರಾವಳಿಯ ಮೊಗವೀರರದೂ ಇದೇ ಜೀವನ. ಮುಂಬಯಿಗೆ ಬಂದ ಅವರು 1902ರಷ್ಟು ಹಿಂದೆಯೇ ಇಲ್ಲಿ ತಮ್ಮ ಸಂಘವನ್ನು ಕಟ್ಟಿದರು. ತನ್ನ ತಟ್ಟೆಯ ಶುದ್ಧಿಯನ್ನು ಪಕ್ಕದವನ ತಟ್ಟೆಯನ್ನು ಹೀಗಳೆಯಲು ಬಳಸುವವನು ನಾಲಿಗೆಯ ಒಂದು ಚಪಲವನ್ನು ಗೆದ್ದು ಇನ್ನೊಂದಕ್ಕೆ ಸೋತಿರುತ್ತಾನೆ. ಅಹಿಂಸೆಯು ಆಹಾರಕ್ಕಷ್ಟೇ ಸೀಮಿತವಾದುದಲ್ಲವೆಂದು ಗಾಂಧೀಜಿಯವರೇ ಹೇಳಿದ್ದರು. ನಾಲಿಗೆಗೆ ಉಣ್ಣುವ ಕೆಲಸವಿರುವಂತೆ ಆಡುವ ಕೆಲಸವೂ ಇದೆ. ಸಂಯಮ ಎರಡಕ್ಕೂ ಬೇಕು.

ಶುದ್ಧ ಸಸ್ಯಾಹಾರವು ಬಾಯಿಚಪಲದಿಂದ ಬಿಡುಗಡೆ ಕೊಡಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗುತ್ತದೆ. ಪದಾರ್ಥವೊಂದೇ ಅದನ್ನು ಕೊಡಲಾರದು. ಅಳತೆಯರಿತು, ಹೊತ್ತರಿತು, ಏತಕ್ಕಾಗಿ ಉಣ್ಣುತ್ತಿರುವೆನೆಂಬುದನ್ನು ಅರಿತು, ಗಮನವಿಟ್ಟು ಉಂಡಾಗ ಸಾಮಾನ್ಯವಾದ ಅನ್ನ, ಸಾರು, ಪಲ್ಯ, ಮಜ್ಜಿಗೆಗಳೂ ಆ ಬಿಡುಗಡೆಯ ದಾರಿಯನ್ನು ತೋರಿಸುತ್ತವೆ. ಇದಕ್ಕೆ ಹೆಚ್ಚು ಖರ್ಚಿಲ್ಲ, ವಿಶೇಷ ಪದಾರ್ಥಗಳು ಬೇಕಿಲ್ಲ. ಮುಂದಿನ ಊಟದಿಂದಲೇ ಇದನ್ನು ಆರಂಭಿಸಬಹುದು.